ಉನ್ಸ್ಟಾಡ್‌ನಲ್ಲಿ ಚಳಿಗಾಲದ ಸರ್ಫಿಂಗ್: ನಾನು ಮಾಡಿಕೊಂಡ ತಯಾರಿ

ಸರ್ಫಿಂಗ್ ಮಾಡಲು, ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡಲು, ನಾರ್ವೆಯ ಉನ್ಸ್ಟಾಡ್‌ಗೆ ಚಳಿಗಾಲದಲ್ಲಿ ಹೋಗುವುದು ಅಂತ ಗಟ್ಟಿಯಾದ ಮೇಲೆ ನಾನು ಮೊದಲು ತೆರೆದು ನೋಡಿದ್ದು ಸೂರ್ಯ ಹುಟ್ಟಿ ಮುಳುಗುವ ವೇಳೆಯ ಪಟ್ಟಿ. ಅಲೆಗಳ ಲೆಕ್ಕ ಆಮೇಲೆ. ಈ ಕಡಲತೀರ ಇರುವ ಲೊಫೊಟೆನ್ ದ್ವೀಪಗಳು 68 ಡಿಗ್ರಿ ಉತ್ತರದಲ್ಲಿವೆ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲ ದಿನಗಳವರೆಗೆ ಅಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ಮಧ್ಯಾಹ್ನ ಒಂದಷ್ಟು ಹೊತ್ತು ಮಬ್ಬು ಬೆಳಕು, ಅಷ್ಟೇ. ಅದರಲ್ಲೂ ನೀರಿಗಿಳಿಯುವವರು ಇದ್ದಾರೆ. ನನಗೆ ಮಾತ್ರ ದೂರದಲ್ಲಿ ಏಳುವ ಅಲೆ ಕಣ್ಣಿಗೆ ಕಾಣಬೇಕು. ಅದಕ್ಕೇ ಫೆಬ್ರವರಿ ನಡುಭಾಗ ಆರಿಸಿಕೊಂಡೆ. ಆಗ ಹಗಲು ಏಳು ಗಂಟೆಗಿಂತ ಜಾಸ್ತಿ ಸಿಗುತ್ತದೆ, ಚಳಿಗಾಲದ ದೊಡ್ಡ ಸ್ವೆಲ್‌ಗಳೂ (ದೂರದ ಕಡಲಿನ ಗಾಳಿಯಿಂದ ಎದ್ದು ತೀರಕ್ಕೆ ಸಾಗಿ ಬರುವ ಅಲೆಗಳ ಸಾಲು) ಇನ್ನೂ ಬರುತ್ತಿರುತ್ತವೆ.

ಅಷ್ಟು ಉತ್ತರದಲ್ಲಿ ಸಮುದ್ರ ಹೆಪ್ಪುಗಟ್ಟಿರಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಆ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಹಾಗಾಗಿ ನೀರು 5 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ನಿಜವಾಗಿ ಕಾಡುವುದು ಗಾಳಿ. ಒದ್ದೆ ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡಲು ತೊಡುವ ಬಿಗಿಯಾದ ರಬ್ಬರ್ ಉಡುಪು) ಮೇಲೆ ಅದು ಬೀಸಿದರೆ ಮೈಯ ಬಿಸಿ ಬೇಗ ಇಳಿಯುತ್ತದೆ.

ದುಡ್ಡನ್ನು ಎಲ್ಲಿ ಬೇಕಾದರೂ ಉಳಿಸಿ, ವೆಟ್‌ಸೂಟ್‌ನಲ್ಲಿ ಬೇಡ. ನಾನು ತೊಟ್ಟಿದ್ದು ಎದೆಯ ಭಾಗದಲ್ಲಿ 6 ಮಿಲಿಮೀಟರ್ ದಪ್ಪ, ಕೈಕಾಲಲ್ಲಿ 5, ತಲೆ, ಕಿವಿ ಮುಚ್ಚುವ ಹುಡ್ ಅದಕ್ಕೇ ಹೊಲಿದದ್ದು. ಬೂಟು 7 ಮಿಲಿಮೀಟರ್. ಕೈಗೆ ಬೆರಳು ಬಿಡಿಬಿಡಿಯಾದ ಗ್ಲವ್ಸ್ ಬದಲು ಬೆರಳುಗಳೆಲ್ಲ ಒಂದೇ ಚೀಲದೊಳಗಿರುವ ಮಿಟನ್, ಯಾಕೆಂದರೆ ಒಟ್ಟಿಗಿದ್ದ ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ದಪ್ಪಕ್ಕಿಂತ ಅಳತೆ ಮುಖ್ಯ. ಸೊಂಟದ ಹಿಂದೆ, ಕಂಕುಳಲ್ಲಿ ಸಡಿಲವಿದ್ದರೆ ಪ್ರತಿ ಸಲ ಮುಳುಗಿದಾಗಲೂ ತಣ್ಣೀರು ಒಳಗೆ ನುಗ್ಗಿ, ಮೈ ಕಾಯಿಸಿಟ್ಟ ನೀರನ್ನೆಲ್ಲ ತಳ್ಳಿಬಿಡುತ್ತದೆ. ಹುಡ್ ಬೇಕಾದದ್ದು ತಲೆಗಷ್ಟೇ ಅಲ್ಲ. ವರ್ಷಗಟ್ಟಲೆ ತಣ್ಣೀರು, ಗಾಳಿ ತಾಗುತ್ತಿದ್ದರೆ ಕಿವಿಯ ನಾಳದೊಳಗೆ ಮೂಳೆ ಬೆಳೆಯಬಹುದು. 1963ರಲ್ಲಿ ಇಬ್ಬರು ನಾರ್ವೆ ಯುವಕರು ತಾವೇ ಮಾಡಿಕೊಂಡ ಬೋರ್ಡ್‌ನಲ್ಲಿ ಇದೇ ನೀರಿಗಿಳಿದಿದ್ದರು. ಆಗ ಈಗಿನಂಥ ಸೂಟು ಎಲ್ಲಿತ್ತು? ಹೇಗೆ ತಡೆದುಕೊಂಡರೋ!

ಇಷ್ಟೆಲ್ಲ ತೊಟ್ಟ ಮೇಲೆ ತೂಕ ಏರುತ್ತದೆ, ತೋಳು ಬೇಗ ಸೋಲುತ್ತದೆ. ಅದಕ್ಕೆ ಎಂದಿನದಕ್ಕಿಂತ ಸ್ವಲ್ಪ ದಪ್ಪ, ಜಾಸ್ತಿ ತೇಲುವ ಬೋರ್ಡ್ ಬೇಕು. ನಾನು ಅದನ್ನು ಅಲ್ಲೇ, ತೀರದ ಪಕ್ಕದಲ್ಲೇ ಬಾಡಿಗೆಗೆ ತೆಗೆದುಕೊಂಡೆ. ಹತ್ತಿರದ ಊರಾದ ಲೆಕ್ನೆಸ್‌ಗೆ ಬರುವ ಸಣ್ಣ ವಿಮಾನದಲ್ಲಿ ಉದ್ದದ ಬೋರ್ಡ್ ತುರುಕುವ ತಲೆನೋವು ಯಾರಿಗೆ ಬೇಕು? ಕಾಲು ಜಾರದಂತೆ ಬೋರ್ಡ್‌ಗೆ ಹಚ್ಚುವ ವ್ಯಾಕ್ಸ್ ಮಾತ್ರ ತಣ್ಣೀರಿನದ್ದೇ ಇರಲಿ. ಬೆಚ್ಚನೆ ನೀರಿನ ವ್ಯಾಕ್ಸ್ ಅಲ್ಲಿ ಗಟ್ಟಿಯಾಗಿ ಜಾರುತ್ತದೆ.

ಮುನ್ಸೂಚನೆಯಲ್ಲಿ ಅಲೆಯ ಎತ್ತರ ಒಂದನ್ನೇ ನೋಡಿ ಕುಣಿಯಬೇಡಿ. ಉನ್ಸ್ಟಾಡ್ ಕೊಲ್ಲಿ ವಾಯವ್ಯಕ್ಕೆ ತೆರೆದುಕೊಂಡಿದೆ, ಉಳಿದ ಕಡೆಯೆಲ್ಲ ಬೆಟ್ಟ. ಸ್ವೆಲ್ ವಾಯವ್ಯದ ಕಡೆಯಿಂದ ಬರಬೇಕು, ಗಾಳಿ ಆಗ್ನೇಯದಿಂದ, ಅಂದರೆ ನೆಲದಿಂದ ಕಡಲಿಗೆ ಬೀಸಬೇಕು. ಎರಡು ಅಲೆಗಳ ನಡುವಿನ ಅಂತರ 10 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಒಂದೂವರೆ ಮೀಟರಿನ ಸ್ವೆಲ್ಲೂ ಒಳ್ಳೆ ಜೋರಾಗಿರುತ್ತದೆ. 6 ಸೆಕೆಂಡಾದರೆ ಎರಡು ಮೀಟರ್ ಇದ್ದರೂ ಬರೀ ಗೊಂದಲ. ಕೊಲ್ಲಿಯ ಎರಡೂ ಬದಿಯಲ್ಲಿ ದುಂಡು ಬಂಡೆಗಳ ಮೇಲೆ ಚೆಂದದ ಅಲೆ ಮುರಿಯುತ್ತದೆ. ನಾನು ಹೆಚ್ಚಾಗಿ ನಡುವಿನ ಮರಳಿನ ಕಡೆಯೇ ಉಳಿದೆ. ಮರಗಟ್ಟಿದ ಕಾಲಲ್ಲಿ ಪಾಚಿ ಹಿಡಿದ ಬಂಡೆ ಹತ್ತಿಳಿಯುವ ಆಸೆ ನನಗಿರಲಿಲ್ಲ.

ಬಿರುಗಾಳಿ ಬಂದರೆ ಇದ್ಯಾವ ಲೆಕ್ಕವೂ ನಡೆಯುವುದಿಲ್ಲ. ನಾರ್ವೆಯ ಮುಖ್ಯ ನೆಲದ ಬೋಡೊದಿಂದ ಲೊಫೊಟೆನ್‌ನ ಮೊಸ್ಕೆನೆಸ್‌ಗೆ ಬರುವ ಫೆರ್ರಿ ನಿಲ್ಲಬಹುದು, ದ್ವೀಪಗಳ ಮುಖ್ಯ ರಸ್ತೆ ಇ10 ಮಂಜುಗಟ್ಟಿರಬಹುದು. ಮೊಳೆ ಟೈರಿನ ಕಾರು ಕೇಳಿ ತೆಗೆದುಕೊಂಡೆ. ವಾಪಸಾಗುವ ವಿಮಾನಕ್ಕೆ ಮೊದಲು ಒಂದು ದಿನವನ್ನು ಸುಮ್ನೆ ಖಾಲಿ ಬಿಟ್ಟಿದ್ದೆ.

ನೀರಿಗಿಳಿದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಸೆಳೆದುಕೊಳ್ಳುತ್ತದೆ. ಸೊಂಟದ ಮಟ್ಟದ ನೀರಲ್ಲಿ ನಿಂತು, ಮುಖಕ್ಕೆ ನೀರು ಹಾಕಿಕೊಂಡು, ಉಸಿರು ಹತೋಟಿಗೆ ಬಂದ ಮೇಲೇ ನಾನು ಮುಂದೆ ಹೋಗುತ್ತಿದ್ದದ್ದು. ಯಾವಾಗ ನೀರಿನಿಂದ ಎದ್ದು ಬರಬೇಕು ಅನ್ನುವ ಗುರುತನ್ನೂ ಗೆಳೆಯನೂ ನಾನೂ ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು ಆಗದಿದ್ದರೆ ಮುಗಿಯಿತು, ಇಬ್ಬರೂ ದಡಕ್ಕೆ. ‘ಇನ್ನೊಂದೇ ಅಲೆ’ ಅನ್ನುವಂತಿಲ್ಲ.

ದಡಕ್ಕೆ ಬಂದ ಮೇಲಿನ ಹತ್ತು ನಿಮಿಷವನ್ನೂ ಮೊದಲೇ ಜೋಡಿಸಿಡಬೇಕು. ಬಟ್ಟೆಗಳನ್ನು ಹಾಕಿಕೊಳ್ಳುವ ಕ್ರಮದಲ್ಲೇ ಮೇಲಿಂದ ಕೆಳಕ್ಕೆ ಇಟ್ಟಿರುತ್ತಿದ್ದೆ. ಗುಂಡಿ, ಲಾಡಿ ಇರುವ ಬಟ್ಟೆ ಒಂದೂ ಇಲ್ಲ. ನಿಲ್ಲಲು ದಪ್ಪ ಚಾಪೆ, ಕ್ಯಾನಿನಲ್ಲಿ ಉಗುರುಬೆಚ್ಚನೆ ನೀರು. ಅದನ್ನು ಬೂಟು, ಮಿಟನ್ ಒಳಗೆ ಸುರಿದರೆ ಅವು ಸಲೀಸಾಗಿ ಕಳಚುತ್ತವೆ. ಮೈ ಒರೆಸಿಕೊಂಡ ಮೇಲೂ ಕೆಲ ಹೊತ್ತು ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ, ಅದಕ್ಕೇ ಕೂಡಲೇ ಕಾರು ಓಡಿಸುತ್ತಿರಲಿಲ್ಲ. ಸಿಹಿ ಹಾಕಿದ ಬಿಸಿ ಏನಾದರೂ ಕುಡಿದು, ನಡುಕ ನಿಂತ ಮೇಲೆ ಹೊರಡುವುದು. ಸೂಟನ್ನು ರಾತ್ರಿಯೇ ಹೀಟರ್ ಇರುವ ಕೋಣೆಯಲ್ಲಿ ಒಳಮೈ ಹೊರಗೆ ಮಾಡಿ ನೇತುಹಾಕಿ. ಬೆಳಗ್ಗೆ ಒದ್ದೆ ಸೂಟು ತೊಡಬೇಕಾದರೆ ಸ್ವೆಲ್ ಎಷ್ಟೇ ಚೆನ್ನಾಗಿದ್ದರೂ ಹಾಸಿಗೆಯಿಂದ ಏಳುವ ಮನಸ್ಸಾಗುವುದಿಲ್ಲ.