ಜಾಝ್ ಡ್ರಮ್ಸ್: ಟಿಕ್ ಬೀಳಬೇಕಾದ್ದು 2, 4ಕ್ಕ
ಕಲಬುರಗಿಯೊಳಗ ಜಾಝ್ ಡ್ರಮ್ಸ್ ಕಲೀತಿರೋರು ಮೆಟ್ರೋನೋಮ್ (ಲಯಕ್ಕ ಟಿಕ್ ಟಿಕ್ ಅನ್ನೋ ಯಂತ್ರ ಇಲ್ಲಾ ಆ್ಯಪ್) ಅರ್ಧ ವೇಗಕ್ಕ ಇಡ್ರಿ. ನಿಮಿಷಕ್ಕ 120 ಮಾತ್ರೆಯ ಲಯ ಬೇಕಂದ್ರ 60ಕ್ಕ ಇಟ್ಟು, ಬರೋ ಟಿಕ್‌ಗಳನ್ನ ನಾಲ್ಕು ಮಾತ್ರೆಯೊಳಗಿನ 2 ಮತ್ತು 4 ಅಂತ ಎಣಿಸ್ರಿ. ಎಡಗಾಲಿನ ಹೈ-ಹ್ಯಾಟ್ (ಪೆಡಲ್ ತುಳಿದು ಬಾರಿಸೋ ಜೋಡಿ ತಾಳ) ಮುಚ್ಚೋದೂ ಅಲ್ಲೇ. 1, 3 ತುಂಬೋದು ನಿಮ್ಮ ಪಾಲಿಗೆ ಬೀಳ್ತದ, ಲಯ ಬಿಟ್ಟು ಮುಂದ ಓಡೋ ಚಟ ತಟ್ಟನೆ ಗೊತ್ತಾಗ್ತದ. ಭಜನಿ, ತಬಲಾ ಕೇಳಿ ಬೆಳೆದ ನಮ್ಮ ಕಿವಿ 'ಸಮ್' (ತಾಳದ ಮೊದಲ ಮಾತ್ರೆ) ಹುಡುಕೋದ್ರಿಂದ ಟಿಕ್ ಜಾರಿ 1ರ ಮ್ಯಾಲೆ ಕೂಡ್ತದ. ಆಗ ಕೈ ನಿಲ್ಲಿಸಿ, ಬಾಯಿಲೆ "ಒಂದು-ಟಿಕ್-ಮೂರು-ಟಿಕ್" ಅಂದು ಮತ್ತ ಶುರು ಮಾಡ್ರಿ. ಕೇಳಲಿಕ್ಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಂ ಒಂದೇ ತಿಂಗಳುಗಟ್ಟಲೆ ಸಾಕು: ಅದರಾಗಿನ 'ಸೋ ವಾಟ್' ಹಚ್ಚಿ, ಡ್ರಮ್ಮರ್ ಜಿಮ್ಮಿ ಕಾಬ್ ಅವರ ರೈಡ್ ಸಿಂಬಲ್ (ಲಯ ನಡೆಸೋ ದೊಡ್ಡ ತಾಳ) ಅಷ್ಟೇ ಹಿಂಬಾಲಿಸ್ರಿ. ಇಯರ್‌ಫೋನ್ ಬೇಕೇ ಬೇಕು, ಮೊಬೈಲ್ ಸ್ಪೀಕರ್‌ನಾಗ ಬೇಸ್ ಕೇಳಂಗಿಲ್ಲ. ಓದಲಿಕ್ಕ ಟೆಡ್ ರೀಡ್ ಅವರ 'ಸಿಂಕೋಪೇಶನ್': ಬಲಗೈ ರೈಡ್ ಬಿಡದಂಗ, ಬರೆದ ಸಾಲು ಎಡಗೈಲೆ ಸ್ನೇರ್ ಡ್ರಮ್ ಮ್ಯಾಲೆ, ಸ್ವಿಂಗ್ ಮಾಡಿ (ಜೋಡಿ ಪೆಟ್ಟಿನಾಗ ಮೊದಲನೇದು ಉದ್ದ, ಎರಡನೇದು ಗಿಡ್ಡ). ಬರೆದಿದ್ದಂಗ ಬಾರಿಸಿದ್ರ ಬ್ಯಾಂಡ್ ಮೆರವಣಿಗಿ ಆಗ್ತದ. ಮೂರು ಮಾತ್ರೆಯ ವಾಲ್ಟ್ಜ್‌ಗೆ ಈ ಉಪಾಯ ನಡೆಯಂಗಿಲ್ಲ. 60ರ ನಿಧಾನ ಬ್ಯಾಲಡ್‌ಗೂ ಕಷ್ಟ, 30ಕ್ಕ ಇಟ್ರ ಎರಡು ಟಿಕ್ ನಡುವ 2 ಸೆಕೆಂಡ್ ಬಿದ್ದು ಲಯ ತೇಲಿ ಹೋಗ್ತದ. ಅಲ್ಲಿ ಪೂರ್ತಿ ವೇಗದ ಟಿಕ್ಕೇ ಇಡ್ರಿ.