ಬಿಸಿಜಿ ಹಾಕಿಸಿಕೊಳ್ಳುವ ದಿನ ನೀರು ಕುಡಿಯುವ ಹೊತ್ತು ಬದಲಿಸಿ

ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ (ಕ್ಷಯದ ಲಸಿಕೆಯಲ್ಲಿರುವ ಔಷಧಿಯೇ, ಇಲ್ಲಿ ಸಣ್ಣ ನಳಿಕೆಯಿಂದ ಮೂತ್ರಕೋಶದೊಳಗೆ ಬಿಡುತ್ತಾರೆ) ಹಾಕಿಸಿಕೊಳ್ಳುವವರು ಆ ದಿನ ನಾಲ್ಕು ಗಂಟೆ ಮುಂಚಿನಿಂದ ನೀರು ತೀರಾ ಕಡಿಮೆ ಮಾಡಿ, ಕಾಫಿ, ಟೀ ಬಿಟ್ಟುಬಿಡಿ. ಒಳಗೆ ಹೋಗುವ ಔಷಧಿ ಸುಮಾರು 50 ಮಿಲಿ ಅಷ್ಟೇ. ಅದು ಹೆಚ್ಚೆಂದರೆ 2 ಗಂಟೆ ಒಳಗಿದ್ದು ಮೂತ್ರಕೋಶದ ಗೋಡೆಗೆ ತಾಗಬೇಕು. ಮೊದಲೇ ಜಾಸ್ತಿ ಕುಡಿದಿದ್ದರೆ ಹೊಸ ಮೂತ್ರ ಬಂದು ಔಷಧಿ ತೆಳುವಾಗುತ್ತದೆ, ತಡೆದುಕೊಳ್ಳುವುದೂ ಕಷ್ಟ. ಬೆಳಿಗ್ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಹೀಗೆ ನೀರು ಕಡಿಮೆ ಮಾಡುವುದು ಅಷ್ಟಾಗಿ ಫಲ ಕೊಡುವುದಿಲ್ಲ. ಆ ಮಾತ್ರೆಯನ್ನು ಆಮೇಲೆ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರೂ ಮೊದಲು ಕೇಳಿಕೊಳ್ಳಿ. ಮೂತ್ರದ ಸೋಂಕು ಇದ್ದರೆ ನೀರು ಬಿಟ್ಟು ಪ್ರಯೋಜನವಿಲ್ಲ, ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ. ಹಾಗಾಗಿ ಉರಿ, ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ ಮುಚ್ಚಿಡದೆ ಹೇಳಿ. 2 ಗಂಟೆ ತಡೆಯಲು ಆಗಲೇ ಇಲ್ಲವೆಂದರೆ ಹಠ ಬೇಡ, ನರ್ಸ್‌ಗೆ ತಿಳಿಸಿ. ಔಷಧಿ ಹೊರಹೋದ ಮೇಲೆ ಎಲ್ಲ ತಿರುಗುಮುರುಗು: ಡಾಕ್ಟರ್ ಬೇಡವೆಂದಿಲ್ಲದಿದ್ದರೆ ಚೆನ್ನಾಗಿ ನೀರು ಕುಡಿಯಿರಿ, ಉರಿಯೂ ಕಡಿಮೆಯಾಗುತ್ತದೆ. ಬಿಸಿಜಿಯಲ್ಲಿರುವುದು ಶಕ್ತಿ ಕುಂದಿಸಿದ, ಆದರೆ ಜೀವಂತ ಬ್ಯಾಕ್ಟೀರಿಯಾ. ಮೊದಲ 6 ಗಂಟೆ ಗಂಡಸರೂ ಕೂತೇ ಮೂತ್ರ ಮಾಡಿ, ಸಿಡಿಯುವುದಿಲ್ಲ. ಪ್ರತಿ ಸಲವೂ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಿ. ಒಂದೆರಡು ದಿನ ಸ್ವಲ್ಪ ಮೈಬಿಸಿ, ಸುಸ್ತು ಇರುವುದು ಸಾಮಾನ್ಯ. ಆದರೆ ಜೋರು ಜ್ವರ, ಚಳಿ ನಡುಕ ಬಂದರೆ ನಾಳೆ ನೋಡೋಣ ಎನ್ನಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಬಿಸಿಜಿ ಹಾಕಿಸಿಕೊಂಡಿದ್ದೇನೆ ಎಂದು ಮೊದಲೇ ಹೇಳಿ.