ಕರಾವಳಿಯ ಆಫೀಸು ಕಟ್ಟಡ: ಬೀಮ್, ನೆರಳು, ಪೈಪು ಒಂದೇ ನಕ್ಷೆಯಲ್ಲಿ

ಕಾಸರಗೋಡು ಕರಾವಳಿಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲೇ ಆಫೀಸು ಕಟ್ಟುವುದಿದ್ದರೂ ಮೊದಲು 1:20 ಅಳತೆಯಲ್ಲಿ ಒಂದು ಸೆಕ್ಷನ್ ನಕ್ಷೆ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ಬರೆಸಿ. ಹೊರಗೋಡೆಯಿಂದ ಕಾರಿಡಾರಿನವರೆಗಿನ ಬೀಮ್, ಸನ್‌ಶೇಡ್, ಕಿಟಕಿ, ಎ.ಸಿ. ಪೈಪು, ಕೇಬಲ್ ಟ್ರೇ ಎಲ್ಲವೂ ಆ ಒಂದೇ ಹಾಳೆಯಲ್ಲಿರಬೇಕು. ಎ.ಸಿ.ಯವರ ನಕ್ಷೆ ಸ್ಲಾಬ್ ಆದ ಮೇಲೆ ಬಂದರೆ ಡ್ರಿಲ್ ಬೀಮಿಗೇ ಬೀಳುತ್ತದೆ.

ಬಿಸಿಲಿನ ಲೆಕ್ಕ ಕಷ್ಟದ್ದೇನಲ್ಲ. ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಹಗಲು ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಪೂರ್ತಿ ನೆರಳು ಬೇಕಾದರೆ ದಕ್ಷಿಣದ ಕಿಟಕಿಯ ಪ್ರತಿ ಮೀಟರ್ ಎತ್ತರಕ್ಕೆ ಸನ್‌ಶೇಡ್ 73 ಸೆಂ.ಮೀ. ಮುಂದೆ ಚಾಚಬೇಕು. ಅಂದರೆ ಒಂದೂವರೆ ಮೀಟರ್ ಕಿಟಕಿಗೆ 1.1 ಮೀ. ಅಷ್ಟು ಚಾಚು ಬೇಡವೆಂದಾದರೆ ಕಿಟಕಿಯ ನಡುಮಟ್ಟದಲ್ಲಿ ಇನ್ನೊಂದು ಶೇಡ್ ಕೊಡಿ. ಎರಡೂ 55 ಸೆಂ.ಮೀ. ಇದ್ದರೆ ಸಾಕು.

ಪಡುವಣ ಬದಿಗೆ ಈ ಉಪಾಯ ನಡೆಯದು. ಸಂಜೆಯ ಬಿಸಿಲು ಶೇಡಿನ ಅಡಿಯಿಂದಲೇ ಒಳಗೆ ನುಗ್ಗುತ್ತದೆ, ಆಟಿ ತಿಂಗಳ ಮಳೆಯೂ ಅತ್ತಲಿಂದಲೇ ಹೊಡೆಯುತ್ತದೆ. ಮೆಟ್ಟಿಲು, ಶೌಚಾಲಯ, ಪೈಪು ಮತ್ತು ವಿದ್ಯುತ್ ತಂತಿ ಮೇಲೆ ಕೆಳಗೆ ಹಾಯುವ ಶಾಫ್ಟ್‌ಗಳನ್ನು ಅಲ್ಲಿಟ್ಟು ಮುರಕಲ್ಲಿನ ಗೋಡೆ ಕಟ್ಟುವುದೇ ಒಳ್ಳೆಯದು. ಕೆಲಸದ ಕೋಣೆ ಬೇರೆ, ಅದಕ್ಕೆ ಸೇವೆ ಕೊಡುವ ಜಾಗ ಬೇರೆ ಎಂದು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಫಿಲಡೆಲ್ಫಿಯಾದ ರಿಚರ್ಡ್ಸ್ ಲ್ಯಾಬ್‌ನಲ್ಲಿ ವಿಂಗಡಿಸಿದ ಕ್ರಮ ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ. ಕಡಲು ಕಾಣಲೇಬೇಕೆಂದು ಮಾಲೀಕರು ಹಟ ಹಿಡಿದರೆ, ಅಹಮದಾಬಾದಿನ ಮಿಲ್ ಓನರ್ಸ್ ಕಟ್ಟಡದ ಪಡುವಣ ಮುಖದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಮಾಡಿದಂತೆ, ಕಿಟಕಿಯ ಹೊರಗೆ ಸಾಲಾಗಿ ನೆಟ್ಟಗೆ ನಿಲ್ಲಿಸುವ ನಿಲುಹಲಗೆಗಳನ್ನು ಓರೆಯಾಗಿಸಿ. ಇಲ್ಲಿ ಅವು 45 ಡಿಗ್ರಿ ವಾಯವ್ಯಕ್ಕೆ ತಿರುಗಿರಲಿ. ಗೋಡೆಯಿಂದ 60 ಸೆಂ.ಮೀ. ಹೊರಗೆ ಬಂದು, ನಡುವೆ 40 ಸೆಂ.ಮೀ. ಅಂತರವಿದ್ದರೆ ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲೂ ತಡೆಯುತ್ತದೆ.

ಸನ್‌ಶೇಡ್ ಮುರಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಚಾಚಿದ ಸ್ಲಾಬಿನ ಮುಖ್ಯ ಕಂಬಿ ಮೇಲ್ಬದಿಯಲ್ಲಿರಬೇಕು, ಕಾಂಕ್ರೀಟ್ ಸುರಿಯುವಾಗ ಅದನ್ನು ತುಳಿದು ತಗ್ಗಿಸಿಬಿಡುತ್ತಾರೆ. 120 ಮಿ.ಮೀ. ದಪ್ಪದ ಶೇಡಿನಲ್ಲಿ 45 ಮಿ.ಮೀ. ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ), ಕಂಬಿಯ ಅರ್ಧ ದಪ್ಪ ಕಳೆದರೆ ಕಂಬಿಗೆ ದಕ್ಕುವ ಆಳ ಸುಮಾರು 70 ಮಿ.ಮೀ. ಮಾತ್ರ. ಅದರಲ್ಲೂ 30 ಮಿ.ಮೀ. ತಗ್ಗಿತೆಂದರೆ ಶೇಕಡಾ 40ಕ್ಕಿಂತ ಹೆಚ್ಚು ಬಲ ಹೋಯಿತು. ಬುಡದಲ್ಲಿ ಬಿರುಕು, ಬಿರುಕಿಗೆ ಉಪ್ಪುಗಾಳಿಯ ನೀರು, ಆಮೇಲೆ ತುಕ್ಕು. 60 ಸೆಂ.ಮೀ.ಗೊಂದು ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಬಾಗಿಸಿದ ಕಂಬಿತುಂಡು) ಇಡಿಸಿ, ನಡೆದಾಡಲು ಬೇರೆ ಹಲಗೆ ಹಾಕಿಸಿ. ಕಾಂಕ್ರೀಟಿನ ಭಾರತೀಯ ಮಾನಕ ಐ.ಎಸ್. 456 ಕರಾವಳಿಯ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ ಎಂ30 ದರ್ಜೆ, 45 ಮಿ.ಮೀ. ಕವರ್ ಕೇಳುತ್ತದೆ. ಶೇಡಿನ ಅಡಿಯಂಚಿನಲ್ಲಿ ನೀರು ತೊಟ್ಟಿಕ್ಕಿ ಬೀಳಲೆಂದು 12 ಮಿ.ಮೀ. ಗೀರು ಬಿಡುತ್ತೀರಲ್ಲ, ಅದು ಕವರಿನಿಂದಲೇ ಕಳೆಯುತ್ತದೆ. ಅಲ್ಲಿ ಹಾಯುವ ಕಂಬಿಯನ್ನು ಅಷ್ಟೇ ಮೇಲೆತ್ತಬೇಕು. ಶೇಡಿನ ಮೇಲ್ಮೈಗೆ ಹೊರಕ್ಕೆ 1:50 ಇಳಿಜಾರು ಕೊಡಿ.

ಪೈಪು, ಟ್ರೇಗಳಿಗೆ ಜಾಗ ಕಾರಿಡಾರಿನಲ್ಲಿ ಸಿಗುತ್ತದೆ. ಎರಡು ಬದಿಗೆ ಐದೈದು ಮೀಟರ್ ಕೋಣೆ, ನಡುವೆ ಎರಡು ಮೀಟರ್ ಕಾರಿಡಾರ್ ಎಂದಿಟ್ಟುಕೊಳ್ಳಿ. ಕೋಣೆಯ ಬೀಮಿಗೆ 450 ಮಿ.ಮೀ. ಆಳ ಬೇಕಾದರೂ ಕಾರಿಡಾರಿನ ತುಂಡು ಬೀಮನ್ನು 250ಕ್ಕೆ ಇಳಿಸಬಹುದೇ ಎಂದು ಎಂಜಿನಿಯರ್ ಹತ್ತಿರ ಲೆಕ್ಕ ಮಾಡಿಸಿ. ಉಳಿಯುವ 200 ಮಿ.ಮೀ.ಯಲ್ಲಿ ಟ್ರೇ, ಪೈಪು ಉದ್ದಕ್ಕೂ ಸಾಗುತ್ತವೆ. ಅಲ್ಲಿಂದ ಕೋಣೆಯೊಳಗೆ ಬೀಮಿಗೆ ಸಮಾನಾಂತರವಾಗಿ ಕವಲೊಡೆದರೆ ಎಲ್ಲೂ ಅಡ್ಡಿಯಿಲ್ಲ. ಬೀಮ್ ದಾಟಲೇಬೇಕಾದ ಕಡೆ ಪೈಪು ಹಾಯಲು 100 ಮಿ.ಮೀ. ಸ್ಲೀವ್ (ಕೊಳವೆ) ಅನ್ನು ಆಳದ ನಡುವೆ, ಪಿಲ್ಲರಿನಿಂದ ಬೀಮಿನ ಆಳದ ಎರಡರಷ್ಟಾದರೂ ದೂರದಲ್ಲಿ, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟರಿಂಗ್ ಹೊತ್ತಿಗೇ ಕೂರಿಸಿ, ಎರಡೂ ಪಕ್ಕ ಹೆಚ್ಚುವರಿ ಕಂಬಿಯ ರಿಂಗ್ ಕಟ್ಟಿಸಿ.

ಎ.ಸಿ.ಯ ಹೊರಘಟಕವನ್ನು ಹಲಗೆಗಳ ಹಿಂದೆ ಬಚ್ಚಿಡುವ ಆಸೆ ಎಲ್ಲರಿಗೂ ಇರುತ್ತದೆ. ಫ್ಯಾನಿನ ಎದುರು ಹಲಗೆ ಬಂದರೆ ಬಿಸಿಗಾಳಿ ತಿರುಗಿ ಒಳಗೇ ಸೇರಿ, ಏಪ್ರಿಲ್ ಸೆಕೆಯಲ್ಲಿ ಕಂಪ್ರೆಸರ್ ಕೈಕೊಡುತ್ತದೆ. ಆ ಭಾಗದ ಹಲಗೆ ಬಿಟ್ಟುಬಿಡಿ. ನೀರಿಳಿಸುವ ಪೈಪಿಗೆ ಕನಿಷ್ಠ 1:100 ಇಳಿಜಾರು ಬೇಕು. ಫಾಲ್ಸ್ ಸೀಲಿಂಗ್ ಒಳಗೆ ಹಾಯುವ ಪೈಪಿಗೆ ಇನ್ಸುಲೇಷನ್ ಸುತ್ತಿಸಿ, ಇಲ್ಲವಾದರೆ ನಮ್ಮ ತೇವದ ಗಾಳಿಗೆ ಅದು ಬೆವರಿ ಸೀಲಿಂಗಿಗೆ ಕಲೆ ಬೀಳುತ್ತದೆ.